ತಮ್ಮನನ್ನು ಸಾಟಿಗೆ ಕೊಟ್ಟದ್ದು

ಸೇಲಂನ ನಮ್ಮ ನೇಕಾರರ ಬೀದಿಯಲ್ಲಿ ಹೆಣ್ಣು ಕೊಟ್ಟು ಹೆಣ್ಣು ತರುವ ಸಾಟಿ ಮದುವೆಗಳು ಬಹಳ. ಆದರೆ ಹಾಕಿ ಆಡುವ ತಮ್ಮನನ್ನೇ ಸಾಟಿಗೆ ಕೊಟ್ಟ ಪುಣ್ಯಾತ್ಮ ನಾನೊಬ್ಬನೇ ಇರಬೇಕು.

ಆಗ ಊರಿಗೆಲ್ಲ ಹಾಕಿಯ ಹುಚ್ಚು. ನಮ್ಮ ಬೀದಿಗೊಂದು ತಂಡ, ಕೆರೆಬೀದಿಗೊಂದು. ಬಾಗಿದ ಹುಣಸೆ ಕೊಂಬೆಯೇ ಕೋಲು. ಮರದ ಗೆಣ್ಣಿಗೆ ಮಗ್ಗದ ಚಿಂದಿ ನೂಲು ಬಿಗಿಯಾಗಿ ಸುತ್ತಿ ಹೊಲಿದರೆ ಚೆಂಡು. ನನ್ನ ತಮ್ಮ ಬ್ಯಾಕ್, ಅಂದರೆ ಗೋಲಿನ ಮುಂದೆ ನಿಂತು ತಡೆಯುವವನು. ಅವನನ್ನು ದಾಟಿ ಚೆಂಡು ಹೋದದ್ದು ಅಪರೂಪ. ನನಗೂ ಅದೇ ಜಾಗದ ಮೇಲೆ ಕಣ್ಣು. ಅವನಿರುವ ತನಕ ಅಣ್ಣನಾದ ನನ್ನ ಕೆಲಸ, ಬೇಲಿಯೊಳಗೆ ಬಿದ್ದ ಚೆಂಡು ಹೆಕ್ಕಿ ತರುವುದು.

ಒಂದು ಅಮಾವಾಸ್ಯೆ, ಮಗ್ಗಕ್ಕೆ ರಜೆ. ತಮ್ಮ ಧರ್ಮಪುರಿಯ ಅಕ್ಕನ ಮನೆಗೆ ಹೋಗಿದ್ದ. ನಮ್ಮ ತಂಡದವರೆಲ್ಲ ಸೇರಿದ್ದ ನಮ್ಮ ಜಗುಲಿಗೆ ಕೆರೆಬೀದಿಯ ನಾಯಕ ಬಂದು ಕೂತ.

"ನಿಮ್ಮ ಬ್ಯಾಕ್‌ನ ನಮಗೆ ಕೊಡಿ. ಮುಂದೆ ಆಡೋ ನಮ್ಮ ಇಬ್ಬರನ್ನ ತಗಳಿ."

"ಒಬ್ಬನಿಗೆ ಇಬ್ಬರಾ? ಯಾಕ್ಲಾ, ಇಬ್ರೂ ಕುಂಟಾ?" ಎಂದ ನಮ್ಮ ನಾಯಕ. ಅವನು ತಮ್ಮನ ಜೀವದ ಗೆಳೆಯ.

"ಕುಂಟಲ್ಲ ಕಣಪ್ಪಾ, ಕುದುರೆ!"

"ಕುದುರೆನೇ. ಗೋಲು ಕಂಡ್ರೆ ಬೆದರ್ತೈತೆ, ಅಷ್ಟೇಯ."

ಎಲೆಯಡಿಕೆ ಕುಟ್ಟುತ್ತಿದ್ದ ಪಕ್ಕದ ಮನೆಯ ತಾತನಿಗೆ ತಡೆಯಲಿಲ್ಲ. "ಗೋಡೆ ಕೊಟ್ಟು ಎರಡು ಬಾಗಿಲು ತತ್ತೀರೇನ್ರೋ? ಯಾವೂರ ನ್ಯಾಯ ಇದು?"

"ಗೋಡೆ ಮಾತ್ರ ಇದ್ರೆ ಗೋಲು ಯಾರು ಹೊಡೀತಾರೆ ತಾತ?" ಎಂದ ನಮ್ಮ ತಂಡದ ಇನ್ನೊಬ್ಬ. ಹೀಗೆ ಹೊತ್ತು ಏರುವವರೆಗೆ ನಡೆಯಿತು. ಕೊನೆಗೆ ನಮ್ಮ ನಾಯಕ, "ಅವನು ಬರ್ಲಿ, ಕೇಳಾನ" ಎಂದ.

ಕೆರೆಬೀದಿಯವನು ನನ್ನ ಕಡೆ ತಿರುಗಿದ. "ತಂಬಿಕ್ಕು ಸಮ್ಮದಮಾ?" ತಮ್ಮನಿಗೆ ಒಪ್ಪಿಗೆಯೇ ಎಂದು. ಸಾಟಿಯಲ್ಲಿ ಮನೆಯ ಪರವಾಗಿ ಮಾತು ಕೊಡುವವನು ಅಣ್ಣ. ಎಲ್ಲರೂ ನನ್ನನ್ನೇ ನೋಡಿದರು.

"ಕೇಳಿವ್ನಿ. ಒಪ್ಕಂಡವ್ನೆ" ಎಂದೆ.

ಕೇಳಿರಲಿಲ್ಲ. ನಾಯಕರಿಬ್ಬರೂ ತಮಾಷೆಗೆಂದೇ ತಾತನ ತಟ್ಟೆಯಿಂದ ವೀಳ್ಯದೆಲೆ ತೆಗೆದು ಕೈ ಬದಲಾಯಿಸಿದರು. ತಮಾಷೆಯಾದರೇನು, ತಾಂಬೂಲ ಕೊಟ್ಟ ಮೇಲೆ ನಮ್ಮವರಲ್ಲಿ ಮಾತು ಹಿಂದೆಗೆಯುವಂತಿಲ್ಲ.

ಎರಡು ದಿನದ ಮೇಲೆ ತಮ್ಮ ಬಸ್ಸಿಳಿದು ಬಂದು, ಕೋಲು ಹಿಡಿದು ಆಟಕ್ಕೆ ಓಡಿದ. ಅಷ್ಟೇ ಬೇಗ ವಾಪಸು ಬಂದ.

"ಅಣ್ಣಾ, ನನ್ನ ಕೆರೆಬೀದಿಗೆ ಕೊಟ್ಬುಟ್ಟವ್ರೆ. ನಾನು ಒಪ್ಪಿದ್ದೆ ಅಂತ ನೀನೇ ಹೇಳಿದ್ಯಂತೆ. ನಮ್ಮ ನಾಯಕ ಹೇಳ್ತಾನೆ. ಸುಳ್ಳು ತಾನೆ?"

ನಾನು ಲಾಳಿಗೆ ನೂಲು ಹಾಕುತ್ತ, "ನಾನ್ಯಾಕ್ಲಾ ಹಂಗನ್ಲಿ?" ಎಂದೆ.

ಅವನ ಮುಖ ಬೆಳಗಿತು. ನೇರ ಹೋಗಿ, ಎಲ್ಲರೆದುರು ಆ ಗೆಳೆಯನನ್ನು ಸುಳ್ಳುಗಾರ ಎಂದು ಬೈದು ಬಂದ. ಜಗುಲಿಯಲ್ಲಿದ್ದವರು ಎಷ್ಟು ಹೇಳಿದರೂ ಅವನಿಗೆ ಅಣ್ಣನ ಮಾತೇ ಮಾತು. ಆಮೇಲೆ ತಾಂಬೂಲದ ಮಾತಿಗೆ ಕಟ್ಟುಬಿದ್ದು ಕೆರೆಬೀದಿಯ ಪರವಾಗಿ ಆಡಿದ, ಚೆನ್ನಾಗಿಯೇ ಆಡಿದ. ಅವನ ಜಾಗ ನನಗೆ ಸಿಕ್ಕಿತು. ಮೊದಲ ಆಟದಲ್ಲೇ ಏಳು ಗೋಲು ಬಿಟ್ಟೆ. ಆ ಇಬ್ಬರು ಕುದುರೆಗಳು ಒಂದೂ ಹೊಡೆಯಲಿಲ್ಲ.

ಮರುವರ್ಷ ಆ ಗೆಳೆಯನ ಮದುವೆ. "ಸುಳ್ಳುಗಾರನ ಮನೆ ಊಟ ನಂಗೆ ಬ್ಯಾಡ. ನೀನು ಹೋಗಣ್ಣ" ಎಂದ ತಮ್ಮ. ನಾನು ಹೋದೆ. ಎರಡು ಸಲ ಪಾಯಸ ಹಾಕಿಸಿಕೊಂಡೆ. ಮದುಮಗ ಪಂಕ್ತಿಯುದ್ದಕ್ಕೂ ಬರುತ್ತ ನನ್ನ ಎಲೆಯ ಮುಂದೆ ನಿಂತ.

"ಅವನು ಬರ್ಲಿಲ್ವಾ?" ಎಂದ ಮೆಲ್ಲಗೆ.

"ಜ್ವರ" ಎಂದೆ.