ದ್ರೌಪದಮ್ಮ ಪದ ಬಚ್ಚಿಟ್ಟ ಜಾಗ

ದ್ರೌಪದಮ್ಮನ ವಿಷಯ ನನ್ನ ಕಿವಿಗೆ ಮೊದಲು ಬಿದ್ದದ್ದು ದೊಡ್ಡಮುನಿಯಮ್ಮಕ್ಕನ ಬಾಯಿಂದ. ಮಗ ವೆಂಕಟೇಶಪ್ಪನಿಗೆ ಬಾಗಲೂರಲ್ಲಿ ಹೆಣ್ಣು ನೋಡಿಕೊಂಡು ಬಂದವರು ಯಲಹಂಕದ ನಮ್ಮ ಮನೆ ಜಗಲಿಯ ಮೇಲೆ ಕೂತು, ಎಲೆ ಅಡಿಕೆ ಮಡಚುತ್ತಾ, ಹುಡುಗಿ ಬಣ್ಣ ಕಮ್ಮಿ, ಮಾತೂ ಕಮ್ಮಿ, ಆದರೆ ಹಿತ್ತಲಲ್ಲಿ ಲೋಟ ತೊಳೆಯುವಾಗ ತನ್ನಷ್ಟಕ್ಕೆ ತಾನೇ ಪದ ಹೇಳಿಕೊಳ್ಳುತ್ತಿದ್ದಳು, ಗಂಟಲು ಚೆನ್ನಾಗಿದೆ ಅಂದರು. ಒಡವೆ ವಸ್ತ್ರದ ಮಾತೇ ಎತ್ತಲಿಲ್ಲ. ಗಂಟಲು ನೋಡಿ ಸೊಸೆ ತಂದವರು ನಮ್ಮ ಬೀದಿಯಲ್ಲಿ ಅವರೊಬ್ಬರೇ.

ಅವರಿಗೆ ಅದು ಬೇಕಿತ್ತು. ನಮ್ಮ ಕಡೆ ಮದುವೆಗಳಲ್ಲಿ ಸೋಬಾನೆ ಪದ ಹೇಳುವವರು ಅವರೇ. ಚಪ್ಪರಕ್ಕೊಂದು, ಅರಿಶಿನಕ್ಕೊಂದು, ಹಸೆಗೊಂದು ಪದ. ಅವರು ಮುಂದೆ ಒಂದು ಸಾಲು ಹೇಳಿದರೆ ನಾವು ನಾಲ್ಕೈದು ಹೆಂಗಸರು ಹಿಂದೆ ಅದನ್ನೇ ಹೇಳುವುದು. ಎಲ್ಲದಕ್ಕಿಂತ ಉದ್ದನೆಯದು ಹೆಣ್ಣು ಒಪ್ಪಿಸುವ ಪದ. ಮಗಳನ್ನು ಗಂಡಿನ ಮನೆಯವರ ಕೈಗೆ ಕೊಡುವಾಗ ಹೇಳುವುದು. ಅದರ ಅರ್ಧದವರೆಗೆ ನಾವು ಹಿಂದೆ ಹೇಳುತ್ತಿದ್ದೆವು. ಉಳಿದ ಅರ್ಧ ಅವರೊಬ್ಬರದೇ. ಆ ಹೊತ್ತಿಗೆ ಹೆಣ್ಣಿನ ತಾಯಿ ಅಳುತ್ತಿದ್ದಳು, ನಾವೂ ಅಳುತ್ತಿದ್ದೆವು, ಹಿಂದೆ ಹೇಳುವುದಕ್ಕೆ ಗಂಟಲೇ ಇರುತ್ತಿರಲಿಲ್ಲ.

ದ್ರೌಪದಮ್ಮ ಸೊಸೆಯಾಗಿ ಬಂದು ಸಣ್ಣಪುಟ್ಟ ಪದಗಳನ್ನೆಲ್ಲ ಕಲಿತಳು. ಒಪ್ಪಿಸುವ ಪದ ಮಾತ್ರ ಅವಳಿಗೆ ಸಿಗಲಿಲ್ಲ. ಅತ್ತೆ ಮದುವೆಗೆ ಹೋದರೆ ಸೊಸೆ ಮನೆ, ಹಸು, ಮಕ್ಕಳನ್ನು ನೋಡಿಕೊಂಡು ಇರಬೇಕು. ಮನೆಯಲ್ಲೇ ಕಲಿಯೋಣವೆಂದರೆ, ಮದುವೆ ಗೊತ್ತಾಗದ ಮನೆಯೊಳಗೆ ಆ ಪದ ಹೇಳುವ ಹಾಗಿಲ್ಲ. ಇರುವ ಹೆಣ್ಣುಮಗಳನ್ನು ಸುಮ್ಮನೆ ಹೊರಗೆ ಕಳಿಸಿದ ಹಾಗೆ ಅದು. ಆಮೇಲೆ ದೊಡ್ಡಮುನಿಯಮ್ಮಕ್ಕನ ಯಜಮಾನರು ತೀರಿಕೊಂಡರು. ಗಂಡ ಹೋದ ಹೆಂಗಸು ಚಪ್ಪರದೊಳಗೆ ಕೂತು ಸೋಬಾನೆ ಹೇಳುವುದಿಲ್ಲ. ಅವರ ಬಾಯಿ ಅಲ್ಲಿಗೆ ಮುಚ್ಚಿತು. ಕೆಲವು ವರ್ಷಕ್ಕೆ ನಮ್ಮ ಯಜಮಾನರೂ ಹೋದರು, ನನ್ನದೂ ಮುಚ್ಚಿತು.

ದ್ರೌಪದಮ್ಮನನ್ನು ನೀವು ನೋಡಿದ್ದರೆ ಹಾಡುವವಳು ಅಂತ ಹೇಳುತ್ತಿರಲಿಲ್ಲ. ಬಾಗಲೂರಿನ ಅಣ್ಣನ ತೋಟದಿಂದ ಮೊದಲ ಬಸ್ಸಿಗೆ ಬರುವ ಸೊಪ್ಪಿನ ಮೂಟೆಯನ್ನು ತಲೆಯ ಮೇಲೆ ಹೊತ್ತು ತಂದು, ಹಳೇ ಊರಿನ ಬಾಗಿಲು ಬಾಗಿಲಿಗೆ ಕೊಡುತ್ತಿದ್ದಳು. ಚೌಕಾಸಿ ಮಾಡಿದವರ ಹತ್ತಿರ ಜಗಳ ಆಡುತ್ತಿರಲಿಲ್ಲ, ಮಾರನೆಯ ದಿನ ಆ ಬಾಗಿಲನ್ನು ಬಿಟ್ಟು ಮುಂದೆ ಹೋಗುತ್ತಿದ್ದಳು, ಅಷ್ಟೆ. ಸಿಟ್ಟು ಒಳಗೇ ಇಟ್ಟುಕೊಳ್ಳುವ ಜಾತಿ. ಒಂದೇ ಮನೆಯಲ್ಲಿ ಮೈದುನನ ಹೆಂಡತಿ ರಾಧಾಮಣಿಯೂ ಇದ್ದಳು. ಅವಳೂ ಹಾಡುವವಳೇ. ಅತ್ತೆಯ ಜಾಗದಲ್ಲಿ ಮುಂದೆ ಯಾರು ಕೂರಬೇಕು ಎನ್ನುವುದು ಇಬ್ಬರು ವಾರಗಿತ್ತಿಯರ ನಡುವೆ ಬಾಯಿಬಿಟ್ಟು ಆಡದ ಮಾತಾಗಿತ್ತು.

ಎರಡು ಸಾವಿರದ ಹತ್ತರಲ್ಲಿ ಹೆಬ್ಬಾಳದ ಕಡೆಯ ಒಬ್ಬರು ಕಾಲೇಜು ಮೇಷ್ಟ್ರು ಹಳೇ ಪದಗಳನ್ನು ಹುಡುಕಿಕೊಂಡು ನಮ್ಮೂರಿಗೆ ಬಂದರು. ಅಂಗೈಯಷ್ಟು ದೊಡ್ಡದೊಂದು ರೆಕಾರ್ಡರು. ದೊಡ್ಡಮುನಿಯಮ್ಮಕ್ಕ ಮನೆಯಲ್ಲಿ ಆಗದು ಅಂದರು. ಅರಳಿಕಟ್ಟೆಯ ಮೇಲೆ ಕೂತು, ಸಂಜೆ ಸಂಜೆ, ಮೇಷ್ಟ್ರಿಗೆ ಎಲ್ಲ ಪದವನ್ನೂ ಹೇಳಿದರು. ಒಪ್ಪಿಸುವ ಪದವನ್ನು ಎರಡು ಸಂಜೆಗೆ ಪಾಲು ಮಾಡಿ ಹೇಳಿದರು, ಉಸಿರು ಹಿಡಿಯುತ್ತಿರಲಿಲ್ಲ. ಮೇಷ್ಟ್ರು ಅದನ್ನು ಒಂದೊಂದಾಗಿ ಇ-ಮೇಲಿಗೆ ಕಳಿಸುತ್ತೇನೆ ಅಂದರು. ಆ ಮನೆಗೆಲ್ಲ ಇದ್ದದ್ದು ಒಂದೇ ಮೇಲು, ವೆಂಕಟೇಶಪ್ಪನ ಹೆಸರಿನದು. ಮಕ್ಕಳ ಕಾಲೇಜಿನದು, ಕೆಲಸದ ಅರ್ಜಿ, ಎಲ್ಲ ಅದಕ್ಕೇ ಬರುತ್ತಿತ್ತು, ಎಲ್ಲರೂ ಅದನ್ನೇ ತೆಗೆದು ನೋಡುತ್ತಿದ್ದರು.

ಮನೆಯಲ್ಲಿ ಆಗ ಕಂಪ್ಯೂಟರ್ ಇರಲಿಲ್ಲ. ದ್ರೌಪದಮ್ಮನ ಮಗಳು ರಾಣಿ ತಾಯಿಯನ್ನು ಬಸ್ ಸ್ಟ್ಯಾಂಡಿನ ಹತ್ತಿರದ ಬ್ರೌಸಿಂಗ್ ಸೆಂಟರಿಗೆ ಕರೆದುಕೊಂಡು ಹೋಗಿ ಮೇಲು ತೆಗೆಯುವುದನ್ನು ಕಲಿಸಿದಳು. ದ್ರೌಪದಮ್ಮ ಏಳನೇ ಕ್ಲಾಸು ಓದಿದವಳು, ಇಂಗ್ಲಿಷ್ ಅಕ್ಷರ ಗುರುತು ಹಿಡಿಯುತ್ತಿದ್ದಳು. ಪರದೆಯ ಪಕ್ಕದಲ್ಲಿದ್ದ ಹೆಸರುಗಳನ್ನೆಲ್ಲ ಒಂದೊಂದಾಗಿ ಕೇಳಿದಳಂತೆ. ಒಂದಕ್ಕೆ ರಾಣಿ, "ಅದು ಸ್ಪ್ಯಾಮ್ ಕಣಮ್ಮ, ಬರೀ ಕಸ. ಲಾಟ್ರಿ ಬಂದೈತೆ, ಲೋನ್ ಕೊಡ್ತೀವಿ ಅಂತ ಕಳ್ಸಿರ್ತಾರೆ. ಅದನ್ನ ಯಾರೂ ತೆಗೆದು ನೋಡಲ್ಲ" ಅಂದಳು.

ಯಾರೂ ನೋಡಲ್ಲ ಎನ್ನುವುದು ದ್ರೌಪದಮ್ಮನ ಮನಸ್ಸಿನಲ್ಲಿ ಕೂತುಬಿಟ್ಟಿತು. ನಮ್ಮ ಮನೆಗಳಲ್ಲಿ ಚಿನ್ನದ ಗುಂಡಿನ ಸರವನ್ನು ಬೀರುವಿನಲ್ಲಿ ಇಡುವುದಿಲ್ಲ. ಬೀರುವಿನಲ್ಲಿ ಇಟ್ಟರೆ ಕಳ್ಳನಿಗೆ ಕೈಯಲ್ಲಿ ಕೊಟ್ಟ ಹಾಗೆ. ಹಳೇ ಹುಣಸೆಹಣ್ಣಿನ ಮಡಕೆಯ ತಳದಲ್ಲಿ, ಒಡೆದ ಒರಳಿನ ಕೆಳಗೆ, ಬೂದಿ ಡಬ್ಬದಲ್ಲಿ ಇಡುತ್ತೇವೆ. ಇಟ್ಟ ಮೇಲೆ ಹೋಗಿ ಹೋಗಿ ನೋಡಬಾರದು, ನೋಡಿದರೆ ಪಕ್ಕದವರಿಗೆ ತಿಳಿದುಹೋಗುತ್ತದೆ. ದ್ರೌಪದಮ್ಮ ಮೇಷ್ಟ್ರು ಕಳಿಸಿದ ಪದಗಳನ್ನು ಒಂದೊಂದಾಗಿ ಎತ್ತಿ ಸ್ಪ್ಯಾಮ್ ಒಳಗೆ ಹಾಕಿದಳು. ಯಾರಾದರೂ ಅರಿಯದೆ ಒಪ್ಪಿಸುವ ಪದವನ್ನು ಮನೆಯಲ್ಲಿ ಹಚ್ಚಿಬಿಟ್ಟರೆ ಎಂಬ ಹೆದರಿಕೆ ಒಂದು. ರಾಧಾಮಣಿ ತನಗಿಂತ ಮೊದಲು ಕಲಿತುಬಿಟ್ಟರೆ ಎನ್ನುವುದು ಇನ್ನೊಂದು.

ನಡುವೆ ಅವಳ ಮಗ ಸುನೀಲ ಹಳೇ ಕಂಪ್ಯೂಟರ್ ಒಂದನ್ನು ಮನೆಗೆ ತಂದ. ಬಂದ ಮೇಲುಗಳೆಲ್ಲ ತಾವಾಗಿಯೇ ಅದರೊಳಕ್ಕೆ ಬಂದು ಬೀಳುವ ಹಾಗೆ ಮಾಡಿಟ್ಟ. ಇಲ್ಲಿ ಸ್ಪ್ಯಾಮ್ ಎಂಬ ಹೆಸರು ಕಣ್ಣಿಗೆ ಬೀಳಲಿಲ್ಲ, ಕಣ್ಣೆದುರಿಗೇ ಜಂಕ್ ಎಂದಿತ್ತು. ಅದೇನೋ ಎಂದು ಕೇಳಿದ್ದಕ್ಕೆ ಸುನೀಲ, ಕಸದ ಮೇಲು ಹಾಕುವ ಜಾಗ ಅಂದ. ಸರಿ, ಅದೇ ಇದು ಅಂದುಕೊಂಡಳು. ನಮ್ಮ ಮಕ್ಕಳಿಗೆ ಮನೆಯಲ್ಲಿ ಒಂದು ಹೆಸರು, ಇಸ್ಕೂಲಲ್ಲಿ ಒಂದು ಹೆಸರು ಇರುವುದಿಲ್ಲವೇ, ಹಾಗೆ. ಆಮೇಲೆ ಬಂದ ಪದಗಳು ಜಂಕ್ ಒಳಗೆ ಹೋದವು. ಮುಂದಿನ ವರ್ಷ ದೊಡ್ಡಮುನಿಯಮ್ಮಕ್ಕ ತೀರಿಕೊಂಡರು.

ಹನ್ನೆರಡರಲ್ಲಿ ರಾಣಿಗೆ ಗಂಡು ಗೊತ್ತಾಯಿತು, ದಾಸರಹಳ್ಳಿಯವರು. ಮಗಳ ಮದುವೆಯಲ್ಲಿ ಅತ್ತೆಯ ಪದವನ್ನು ಪೂರಾ ಹೇಳಬೇಕು ಎನ್ನುವುದು ದ್ರೌಪದಮ್ಮನ ಆಸೆ. ಮದುವೆ ಗೊತ್ತಾಗಿದೆ, ಇನ್ನು ಕಲಿಯಬಹುದು. ಮನೆ ತುಂಬ ನೆಂಟರು, ಯಾರಿಗೂ ಕೇಳಿಸದ ಹಾಗೆ ಕಿವಿಗೆ ಸಿಕ್ಕಿಸಿಕೊಂಡು ಕೇಳೋಣ ಎಂದು ಬ್ರೌಸಿಂಗ್ ಸೆಂಟರಿಗೆ ಹೋದಳು. ಸ್ಪ್ಯಾಮ್ ತೆಗೆದರೆ ಲಾಟರಿ, ಲೋನು, ತೂಕ ಇಳಿಸುವ ಔಷಧಿ. ಅತ್ತೆಯ ಒಂದು ಪದವೂ ಇಲ್ಲ.

ಆ ವಾರವೇ ಊಟ ಮಾಡುವಾಗ ರಾಧಾಮಣಿಯ ಮಗಳು ಮೋನಿಷಾ, ಬಿಕಾಂ ಓದುತ್ತಿದ್ದವಳು, ನಮ್ಮ ಮೇಲಲ್ಲಿ ಕಸ ತುಂಬಿಹೋಗಿತ್ತು, ಇವತ್ತು ಕೂತು ಕ್ಲೀನ್ ಮಾಡಿದೆ ಅಂದಿದ್ದಳು. ದ್ರೌಪದಮ್ಮನಿಗೆ ಅದು ನೆನಪಾಯಿತು.

ನಾವೆಲ್ಲ ಅವರ ಮಹಡಿಯ ಮೇಲೆ ಹಪ್ಪಳ ಒತ್ತುತ್ತಿದ್ದೆವು. ದ್ರೌಪದಮ್ಮ ಮೆಟ್ಟಿಲು ಹತ್ತಿ ಬಂದು, ಚಪ್ಪಲಿಯನ್ನೂ ಬಿಡದೆ, ಆ ಹುಡುಗಿಯ ಎದುರು ನಿಂತಳು.

"ನಿಮ್ಮಮ್ಮ ಯೇಳ್ಕೊಟ್ಲಾ, ನೀನೇ ಮಾಡಿದ್ಯಾ?"

ಮೋನಿಷಾಗೆ ಏನೆಂದು ತಿಳಿಯಲಿಲ್ಲ. "ಏನ್ ದೊಡ್ಡಮ್ಮ?"

"ನಮ್ಮತ್ತೆ ಪದ. ಅಳಿಸಾಕ್ಬಿಟ್ಟೆ. ನನ್ ಮಗಳ್ ಮದ್ವೇಲಿ ನಾನು ಬಾಯ್ ಬಿಡಬಾರ್ದು ಅಂತ ತಾನೇ?"

ರಾಧಾಮಣಿ ಲಟ್ಟಣಿಗೆ ಕೆಳಗಿಟ್ಟಳು. ಮಗಳ ಮೇಲೆ ಇಲ್ಲದ್ದು ಹೊರಿಸಿದರೆ ಚಪ್ಪರಕ್ಕೆ ಕಂಬ ನೆಡುವ ಮೊದಲೇ ಮನೆ ಎರಡಾಗುತ್ತದೆ ಅಂದಳು. ದ್ರೌಪದಮ್ಮ, ಆಗಲಿ ಅಂದಳು. ಅಷ್ಟು ವರ್ಷ ಒಂದೇ ಒಲೆಯಲ್ಲಿ ಬೇಯಿಸಿಕೊಂಡವರು ಅವತ್ತು ರಾತ್ರಿ ಬೇರೆ ಬೇರೆ ಅನ್ನ ಮಾಡಿಕೊಂಡರು. ಗಂಡಸರು ಯಾರ ಕಡೆ ಊಟಕ್ಕೆ ಕೂರಬೇಕೆಂದು ತಿಳಿಯದೆ ಹೋಟೆಲಿಗೆ ಹೋದರು.

ಮಾರನೆಯ ಬೆಳಿಗ್ಗೆ ಮೋನಿಷಾ ನಮ್ಮ ಮನೆಗೆ ಬಂದಳು. ಕಣ್ಣು ಊದಿತ್ತು. ದೊಡ್ಡಮ್ಮ ಏನು ಇಟ್ಟಿದ್ದರು, ಎಲ್ಲಿ ಇಟ್ಟಿದ್ದರು ಎಂದು ಕೇಳಿದಳು. ದ್ರೌಪದಮ್ಮ ಹಿಂದಿನ ರಾತ್ರಿ ನನಗೆ ಹೇಳಿಕೊಂಡಿದ್ದಷ್ಟನ್ನು ನಾನು ಹೇಳಿದೆ: ಸೆಂಟರಿನಲ್ಲಿ ಸ್ಪ್ಯಾಮು, ಮನೆಯಲ್ಲಿ ಜಂಕು. ಅವಳು, "ಜಂಕ್‌ಗೆ ನಾನು ಕೈನೇ ಹಾಕಿಲ್ಲ" ಅಂದಳು. ಎದ್ದು ಹೊರಟವಳು ಬಾಗಿಲಲ್ಲಿ ನಿಂತು, "ನೀವೂ ಬನ್ನಿ ಅಜ್ಜಿ. ನಾನೊಬ್ಳೇ ತೆಗೆದ್ರೆ, ಈಗ ನೀನೇ ತಂದಿಟ್ಟೆ ಅಂತಾರೆ" ಅಂದಳು.

ನಾನು ಹೋದೆ. ದ್ರೌಪದಮ್ಮನನ್ನೂ ಕರೆದು ಕೂರಿಸಿಕೊಂಡೆ. ಮೋನಿಷಾ ಕಂಪ್ಯೂಟರ್ ಹಚ್ಚಿ ಜಂಕ್ ತೆಗೆದಳು. ಮೇಷ್ಟ್ರ ಹೆಸರು ಅಲ್ಲೇ ಇತ್ತು, ಸಾಲಾಗಿ. ಒಂದನ್ನು ಒತ್ತಿದಳು. ಮೊದಲು ಗಾಳಿಯ ಸದ್ದು, ಆಮೇಲೆ ದೊಡ್ಡಮುನಿಯಮ್ಮಕ್ಕ ಕೆಮ್ಮಿದರು, "ಶುರು ಮಾಡ್ಲಾ ಸ್ವಾಮಿ?" ಎಂದು ಕೇಳಿದರು. ಒಳಗೆ ಶೇವ್ ಮಾಡಿಕೊಳ್ಳುತ್ತಿದ್ದ ವೆಂಕಟೇಶಪ್ಪ ಮುಖದ ನೊರೆ ಹಾಗೇ ಇಟ್ಟುಕೊಂಡು ಬಂದು ನಿಂತ. ರಾಧಾಮಣಿ ಅಡುಗೆಮನೆ ಬಾಗಿಲಿಗೆ ಬಂದಳು. ಒಪ್ಪಿಸುವ ಪದದ ಎರಡನೆಯ ಅರ್ಧ ಅದು.

ಮೊದಲ ಅರ್ಧ ಇರಲಿಲ್ಲ. ಮೋನಿಷಾ ಬಿಡಿಸಿ ಹೇಳಿದಳು. ಎರಡೂ ಕಸದ ಜಾಗವೇ, ಆದರೆ ಒಂದೇ ಜಾಗ ಅಲ್ಲ. ಸ್ಪ್ಯಾಮ್ ಇರುವುದು ಮೇಲು ನಡೆಸುವ ಕಂಪನಿಯವರ ಹತ್ತಿರ, ಅದರಲ್ಲಿ ಹಾಕಿದ್ದನ್ನು ತಿಂಗಳಾದ ಮೇಲೆ ಅವರೇ ಗುಡಿಸಿ ಎಸೆಯುತ್ತಾರೆ, ಯಾರನ್ನೂ ಕೇಳುವುದಿಲ್ಲ. ಜಂಕ್ ಇರುವುದು ಈ ಕಂಪ್ಯೂಟರಿನ ಹೊಟ್ಟೆಯಲ್ಲಿ. ಅದನ್ನು ಗುಡಿಸು ಎಂದು ಯಾರೂ ಹೇಳಿಲ್ಲ, ಹಾಗಾಗಿ ಉಳಿದಿದೆ. ಇಲ್ಲಿ ಇಟ್ಟಿದ್ದು ಸೆಂಟರಿಗೆ ಹೋದರೆ ಕಾಣಿಸುವುದೂ ಇಲ್ಲ. ತಾನು ಅವತ್ತು ಕ್ಲೀನ್ ಮಾಡಿದ್ದು ಕಾಲೇಜಿನ ಹಳೇ ಮೇಲುಗಳನ್ನು.

ದ್ರೌಪದಮ್ಮ ಕೇಳಿದ್ದು ಒಂದೇ ಮಾತು. "ಹಂಗಾರೆ ಅದನ್ನ ಎಸೆದಿದ್ದು ಯಾರು?"

"ಯಾರೂ ಇಲ್ಲ ದೊಡ್ಡಮ್ಮ. ಅದು ಅಂಗೇ."

ಮೇಷ್ಟ್ರಿಗೆ ಮೋನಿಷಾ ಮೇಲು ಬರೆದಳು. ಆ ವಿಳಾಸ ಈಗ ಇಲ್ಲ ಎಂದು ಅದು ಹಿಂದಕ್ಕೆ ಬಂತು. ಹೆಬ್ಬಾಳದಲ್ಲಿ ವಿಚಾರಿಸಿದರೆ ಅವರು ರಿಟೈರಾಗಿ ಊರು ಬಿಟ್ಟಿದ್ದರು.

ತಪ್ಪಾಯಿತು ಎಂದು ದ್ರೌಪದಮ್ಮ ಬಾಯಲ್ಲಿ ಹೇಳಿದ್ದನ್ನು ನಾನು ಕೇಳಲಿಲ್ಲ. ಆ ಮಧ್ಯಾಹ್ನ ಮುದ್ದೆ ತಿರುವಿ, ತಟ್ಟೆ ಹಾಕಿ, ಮೋನಿಷಾ ಕೂತಿದ್ದ ಕಡೆಗೆ ಹೋಗಿ, "ಏಳು, ಉಣ್ಣು" ಅಂದಳು. ಆ ಹುಡುಗಿ ಎದ್ದಳು. ರಾಧಾಮಣಿ ಮಾತ್ರ ಏಳಲಿಲ್ಲ. ಅವಳು ಮದುವೆ ಮುಗಿಯುವವರೆಗೆ ವಾರಗಿತ್ತಿಯ ಹತ್ತಿರ ಅಗತ್ಯವಿದ್ದಷ್ಟೇ ಮಾತಾಡಿದಳು.

ಸಂಜೆ ದ್ರೌಪದಮ್ಮ ನಮ್ಮ ಹಿತ್ತಲಿಗೆ ಬಂದಳು. ಮೊದಲ ಅರ್ಧವನ್ನು ಹಿಂದೆ ನಿಂತು ಹೇಳಿದವರಲ್ಲಿ ಉಳಿದಿದ್ದವಳು ನಾನೊಬ್ಬಳೇ. ಬಾಯಿ ಬಿಟ್ಟು ವರ್ಷಗಳಾಗಿತ್ತು, ಆದರೂ ಒಂದು ಸಾಲು ಹಿಡಿದರೆ ಮುಂದಿನದು ಬಂತು. ಅರಳಿಕಟ್ಟೆಗೆ ಹೋಗಿ ಕೂತೆವು. ದಿನಾ ಸೊಪ್ಪು ಕೊಟ್ಟು ಬಂದು ನನ್ನ ಎದುರು ಕೂತು ಅರ್ಧ ಕಲಿಯುವಳು, ಮನೆಗೆ ಹೋಗಿ ಕಂಪ್ಯೂಟರಿನ ಮುಂದೆ ಅತ್ತೆಯಿಂದ ಇನ್ನರ್ಧ ಕಲಿಯುವಳು. ಮೋನಿಷಾ ಪಕ್ಕದಲ್ಲಿ ಕೂತು ನಿಲ್ಲಿಸಿ ನಿಲ್ಲಿಸಿ ಹಚ್ಚುವಳು.

ಮದುವೆ ಯಲಹಂಕದ ಛತ್ರದಲ್ಲಿ. ನಾನು ಅಡುಗೆ ಮಾಡುವ ಕಡೆ ತರಕಾರಿ ಹೆಚ್ಚುವವರ ಜೊತೆ ಕೂತಿದ್ದೆ. ಒಪ್ಪಿಸುವ ಹೊತ್ತಿಗೆ ವಾಲಗ ನಿಂತಿತು, ಅವಳ ದನಿ ಬಂತು. ಅರ್ಧ ನನ್ನ ನಡೆಯಲ್ಲಿ, ಅರ್ಧ ಅತ್ತೆಯ ನಡೆಯಲ್ಲಿ. ಎರಡೂ ಸೇರುವ ಕಡೆ ಸ್ವಲ್ಪ ಎಡವಿತು, ಗೊತ್ತಿದ್ದವರಿಗೆ ಗೊತ್ತಾಗುವಷ್ಟು. ಹಿಂದೆ ಹೇಳುತ್ತಿದ್ದವರಲ್ಲಿ ಮೋನಿಷಾಳ ದನಿಯೂ ಇತ್ತು.

ಆಮೇಲೂ ಅವಳು ಸೊಪ್ಪು ಮಾರಿದಳು. ಮದುವೆಗಳಿಗೆ ಕರೆದರೆ ಹೋಗಿ ಹೇಳಿದಳು. ವಾರಗಿತ್ತಿಯರ ಒಲೆ ಮತ್ತೆ ಒಂದಾಯಿತು, ಯಾವಾಗ ಅಂತ ಯಾರೂ ಗಮನಿಸಲಿಲ್ಲ. ಮೋನಿಷಾ ಉಳಿದ ಪದಗಳನ್ನೆಲ್ಲ ಸೀಡಿಗೆ ಹಾಕಿದಳು, ಆಮೇಲೆ ಎಲ್ಲರ ಮೊಬೈಲಿಗೂ ಹಾಕಿದಳು. ಒಪ್ಪಿಸುವ ಪದದ ಇನ್ನರ್ಧ ನನಗೂ ಬಾಯಿಗೆ ಬಂದದ್ದು ಅದರಿಂದಲೇ. ದ್ರೌಪದಮ್ಮ ತನ್ನ ಮೊಬೈಲಿನಲ್ಲಿ ಅದನ್ನು ಆಗಾಗ ತೆಗೆದು ಇದೆಯೇ ಎಂದು ನೋಡುತ್ತಿದ್ದಳು. ಕೇಳುತ್ತಿರಲಿಲ್ಲ, ನೋಡಿ ಮುಚ್ಚುತ್ತಿದ್ದಳು.

ಹತ್ತೊಂಬತ್ತರಲ್ಲಿ ಸಕ್ಕರೆ ಕಾಯಿಲೆ ಅವಳ ಕಿಡ್ನಿಗೆ ಇಳಿಯಿತು. ಮೋನಿಷಾಗೆ ಆಗ ಗಂಡು ಗೊತ್ತಾಗಿತ್ತು. ಆ ಹುಡುಗಿಯ ಮದುವೆಯಲ್ಲಿ ಒಪ್ಪಿಸುವ ಪದ ತಾನೇ ಹೇಳಬೇಕು ಎಂದು ದ್ರೌಪದಮ್ಮ ರಾಧಾಮಣಿಯ ಹತ್ತಿರ ಮಾತು ತೆಗೆದುಕೊಂಡಿದ್ದಳು. ಆಸ್ಪತ್ರೆಯಲ್ಲಿ ನಾನು ನೋಡಲು ಹೋದಾಗ ಅವಳಿಗೆ ಎದ್ದು ಕೂರಲು ಆಗುತ್ತಿರಲಿಲ್ಲ. ರಾಧಾಮಣಿ ಪಕ್ಕದಲ್ಲಿ ಕೂತು ಕಾಲು ಒತ್ತುತ್ತಿದ್ದಳು. ದ್ರೌಪದಮ್ಮ ನನ್ನ ಕೈ ಹಿಡಿದುಕೊಂಡಳು.

"ಅಕ್ಕ, ನನ್ ಕೈಲಿ ಆಗಲ್ಲ. ಮೊಬೈಲಲ್ಲಿ ಹಚ್ಚಿ ಆ ಮಗೀನ ಕಳಿಸ್ಬೇಡಿ."

ಅದಕ್ಕೇನು, ರಾಧಾಮಣಿ ಹೇಳುತ್ತಾಳೆ ಅಂದೆ.

"ಹೆತ್ತೋಳು ಅಳೋ ಹೊತ್ತು ಅದು, ಅವಳ ಕೈಲೂ ಆಗಲ್ಲ. ಯಾರು ಏನಾದ್ರೂ ಅನ್ಲಿ. ನೀನು ಚಪ್ಪರದೊಳಗೆ ಬಂದು ಮುಂದೆ ಕೂತ್ಕೊಂಡು ಯೇಳು."