ಕುಂಕುಮದ ಮೇಲಿನ ಸಹಿ

ನಮ್ಮ ಮಾವ ವೆಂಕಟಾಚಲ ಅವರ ದಿನ ಬಂದವರಿಗೆ ‘ಇಲ್ಲ’ ಎನ್ನುವುದರಲ್ಲೇ ಕಳೆಯುತ್ತದೆ. ಬಾಕ್ಸಿಂಗ್ ಗ್ಲೌಸ್, ಹಳೆಯ ಪೋಸ್ಟರ್, ಚಾಂಪಿಯನ್ನರು ಸಹಿ ಹಾಕಿದ ಫೋಟೊ ಹಿಡಿದುಕೊಂಡು ಜನ ಜಯನಗರದ ನಮ್ಮ ಮನೆಗೆ ಬರುತ್ತಾರೆ. ಸಹಿ ಅಸಲಿಯೋ ನಕಲಿಯೋ, ಎಷ್ಟು ಬೆಲೆ ಬಾಳೀತು, ಮಾವ ನೋಡಿ ಹೇಳಬೇಕು. ಹರೆಯದಲ್ಲಿ ತಾವೇ ರಿಂಗಿಗೆ ಇಳಿದವರು. ಆಮೇಲೆ ಕ್ರೀಡಾ ಸಾಮಾನಿನ ಅಂಗಡಿ ನಡೆಸಿದವರು. ಬರುವುದರಲ್ಲಿ ಹೆಚ್ಚಿನದು ನಕಲಿ. ಹಾಗೆ ಹೇಳಿದರೆ ಕೆಲವರು ಸುಮ್ಮನೆ ಹೋಗುತ್ತಾರೆ, ಕೆಲವರು ಗೇಟಿನಲ್ಲಿ ನಿಂತು ಕೂಗಾಡುತ್ತಾರೆ. ಅದೂ ಮಗು ಆಗತಾನೇ ಮಲಗಿರುವಾಗ.

ನನ್ನ ಮಗಳು ಸಮನ್ವಿತಾಗೆ ಈಗ ಸಿಕ್ಕಿದ್ದೆಲ್ಲ ಬಾಯಿಗೆ. ಯಾರದೋ ಬೆವರು ಕುಡಿದು ಬೂಷ್ಟು ಹಿಡಿದ ಗ್ಲೌಸ್ ಸೋಫಾದ ಮೇಲೆ ಕಂಡರೆ ಓಡಿಹೋಗಿ ಎತ್ತಿ ಮೇಲಿಡುತ್ತೇನೆ. “ಸಾಕು ಮಾಡಿ ಮಾವ” ಎಂದರೆ, “ನನಗೂ ಸಾಕಾಗಿದೆ ಕಣಮ್ಮ” ಎನ್ನುತ್ತಾರೆ. ಮರುದಿನ ಮತ್ತೆ ಬೆಲ್ಲು.

ಮೊನ್ನೆ ಬಂದವರು ಹನುಮಂತನಗರದ ಭೀಮೇಶ್ ಅಂಕಲ್, ಮಾವನ ಜೊತೆ ಒಂದೇ ಕ್ಲಬ್ಬಿನಲ್ಲಿ ಗುದ್ದಾಡಿ ಬೆಳೆದವರು. ಜೊತೆಗೆ ಹೆಂಡತಿ ಅನ್ನಪೂರ್ಣ ಆಂಟಿ. ಹಳೆಯ ಪಂಚೆಯಲ್ಲಿ ಸುತ್ತಿ ತಂದದ್ದು ಒಂಟಿ ಕಂದು ಗ್ಲೌಸ್. ಹಿಂದೆ ಊರಿಗೆ ಬಂದಿದ್ದ ಪರದೇಶದ ಚಾಂಪಿಯನ್ ಒಬ್ಬ ಅದರ ಮೇಲೆ ಸಹಿ ಮಾಡಿಕೊಟ್ಟಿದ್ದನಂತೆ. ಭಾನುವಾರ ಆ ಕ್ಲಬ್ಬಿನ ಹೊಸ ಕಟ್ಟಡ ತೆರೆಯುತ್ತದೆ. ಗ್ಲೌಸನ್ನು ಅಲ್ಲಿ ಗಾಜಿನ ಪೆಟ್ಟಿಗೆಯಲ್ಲಿಟ್ಟು ಕೆಳಗೆ ಭೀಮೇಶ್ ಅಂಕಲ್ ಹೆಸರು ಹಾಕುತ್ತಾರೆ. ಆದರೆ ಸಹಿ ಅಸಲಿ ಎಂದು ಮಾವ ಬರೆದುಕೊಡಬೇಕು.

“ನೋಡೋಕೇನಿದೆ ಗುರು? ಅವತ್ತು ನೀನೂ ಪಕ್ಕದಲ್ಲೇ ಬಕೆಟ್ ಹಿಡ್ಕೊಂಡು ನಿಂತಿದ್ದೆ!”

“ನಿನ್ನ ಮೂಗಲ್ಲಿ ರಕ್ತ ಸುರೀತಿತ್ತು, ಅದಕ್ಕೇ ಬಕೆಟ್ಟು” ಎಂದರು ಮಾವ. ಆಂಟಿ ನಕ್ಕರು.

ಮಾವ ಗ್ಲೌಸನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ಭೂತಗನ್ನಡಿಯಲ್ಲಿ ನೋಡಿದರು. ಬಹಳ ಹೊತ್ತು. ಮಗುವನ್ನು ಸೊಂಟದ ಮೇಲಿಟ್ಟುಕೊಂಡು ನಾನೂ ನಿಂತೇ ಇದ್ದೆ.

“ಕುಂಕುಮ ಇದೆ.”

“ಇರದೆ ಇನ್ನೇನಣ್ಣಾ? ಪ್ರತಿ ವರ್ಷ ಆಯುಧಪೂಜೆಗೆ ಒದ್ದೆ ಬಟ್ಟೇಲಿ ಒರೆಸಿ ಅರಿಶಿನ ಕುಂಕುಮ ಇಡ್ತೀನಿ. ಸ್ಕೂಟರ್‌ಗಿಂತ ಮೊದಲು ಇದಕ್ಕೇ!” ಆಂಟಿಯ ದನಿಯಲ್ಲಿ ಹೆಮ್ಮೆಯಿತ್ತು.

“ಕುಂಕುಮ ಕೆಳಗಿದೆ ತಾಯಿ. ಶಾಯಿ ಅದರ ಮೇಲಿದೆ.” ಮಾವ ಗೆಳೆಯನತ್ತ ತಿರುಗಿದರು. “ಏನ್ ಮಾಡ್ದೆ ಭೀಮ?”

“ಒರೆಸೀ ಒರೆಸೀ ಮಾಸೋಗ್ತಿತ್ತು ಕಣೋ. ಹೋದ ವರ್ಷ ಮಾರ್ಕರ್ ತಗೊಂಡು ಅದೇ ಗೆರೆ ಮೇಲೆ ತಿದ್ದಿದೆ. ಒಂಚೂರೂ ಆಚೀಚೆ ಹೋಗಿಲ್ಲ. ಗೋಪುರಕ್ಕೆ ಮತ್ತೆ ಬಣ್ಣ ಹೊಡೆಯಲ್ವಾ, ಹಾಗೆ.”

ಮಾವ ಭೂತಗನ್ನಡಿ ಕೆಳಗಿಟ್ಟರು. “ಈಗ ಮೇಲಿರೋದು ನಿನ್ನ ಕೈ. ತಿದ್ದಿದ ಸಹಿಗೆ ಬೆಲೇನೂ ಇಲ್ಲ, ಸಾಕ್ಷೀನೂ ಇಲ್ಲ.”

“ಕಣ್ಣಾರೆ ಕಂಡಿದ್ದೀಯಲ್ಲೋ!”

“ಅವತ್ತು ಕಂಡೆ. ಇವತ್ತು ಈ ಚರ್ಮದ ಮೇಲೆ ಕಾಣ್ತಿಲ್ಲ. ಗೇಟಲ್ಲಿ ಬೈದು ಹೋದವರೆಲ್ಲ ಹೇಳಿದ್ದೂ ಇದೇ ಕಣೋ, ನಮ್ಮಪ್ಪ ಕಣ್ಣಾರೆ ಕಂಡಿದ್ರು ಅಂತ. ಅವರಿಗೆ ಇಲ್ಲ ಅಂದು ನಿನಗೆ ಹೆಂಗೆ ಬರೀಲಿ?”

ಒಂದೇ ಒಂದು ಸಲ ಹೌದು ಅಂದುಬಿಡಿ ಮಾವ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅವರ ಮುಖ ನೋಡಿ ನುಂಗಿಕೊಂಡೆ. ಅಂಕಲ್ ಗ್ಲೌಸನ್ನು ಪಂಚೆಯಲ್ಲಿ ಸುತ್ತತೊಡಗಿದರು. ಗಂಟು ನೆಟ್ಟಗೆ ಬೀಳಲಿಲ್ಲ, ಆಂಟಿಯೇ ಕಟ್ಟಿಕೊಟ್ಟರು.

“ನನ್ನಿಂದಲೇ ಆಯ್ತಲ್ಲಣ್ಣಾ. ಈ ವರ್ಷದಿಂದ ಕುಂಕುಮ ಇಡಲ್ಲ ಬಿಡಿ.”

“ಇಡಮ್ಮ” ಎಂದರು ಮಾವ. “ಇನ್ನು ಹಾಳಾಗೋಕೆ ಏನೂ ಉಳಿದಿಲ್ಲ. ಅದು ನಿಮ್ಮನೇಲೇ ಇರುತ್ತೆ, ಚೆನ್ನಾಗಿ ಇಡು.”

ಸ್ಕೂಟರಿನ ಸದ್ದು ತಿರುವಿನಲ್ಲಿ ಮರೆಯಾದರೂ ಮಾವ ಕಿಟಕಿ ಬಿಟ್ಟು ಕದಲಲಿಲ್ಲ. ನಾನು ತಂದಿಟ್ಟಿದ್ದ ಕಾಫಿ ಆರಿಹೋಗಿತ್ತು. ಅಷ್ಟರಲ್ಲಿ ಮತ್ತೆ ಬೆಲ್ಲು. ಗೇಟಿನಲ್ಲಿ ಯಾರೋ ಕವರಿನಲ್ಲಿ ಫೋಟೊ ಹಿಡಿದು ನಿಂತಿದ್ದರು.

“ಮಾವ ಮನೇಲಿಲ್ಲ ಸಾರ್” ಎಂದೆ. ಒಳಗಿನಿಂದ ಮಾವ ‘ಇದ್ದೀನಿ’ ಅನ್ನುವ ಹಾಗೆ ಕೆಮ್ಮಲೂ ಇಲ್ಲ.