ನಾನು ಮುಚ್ಚಿದ ಸೀಳು

ನನಗೆ ಹೊಟ್ಟೆಕಿಚ್ಚು ಜಾಸ್ತಿ. ವಯಸ್ಸಾದಂತೆ ಕಡಿಮೆಯಾಗುತ್ತದೆ ಎನ್ನುತ್ತಾರೆ, ನನಗಂತೂ ಆಗಿಲ್ಲ. ಅದರಲ್ಲೂ ಒಬ್ಬಳ ಮೇಲೆ ಪಟ್ಟಷ್ಟು ಹೊಟ್ಟೆಕಿಚ್ಚನ್ನು ಬೇರೆ ಯಾರ ಮೇಲೂ ಪಟ್ಟವಳಲ್ಲ. ಅವಳು ನನ್ನ ಗೆಳತಿ. ಧಾರವಾಡದ ಶಿಕ್ಷಕಿಯರ ಟ್ರೇನಿಂಗ್ ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕುಳಿತವರು ನಾವು. ಅವಳು ಹುಟ್ಟಾ ಧಾರವಾಡದವಳು, ನಾನು ಸುಳ್ಳ ಎಂಬ ಹಳ್ಳಿಯ ಒಕ್ಕಲುತನದ ಮನೆಯಿಂದ ಬಂದವಳು. ಅವಳು ‘ಅದ’ ಎನ್ನುವಲ್ಲಿ ನಾನು ಹಳ್ಳಿಯವರಂತೆ ‘ಐತಿ’ ಎನ್ನುತ್ತಿದ್ದೆ. ಪಾಠದ ಪರೀಕ್ಷೆಗೆ ಬಂದ ಸಾಹೇಬರು ಅವಳ ಮಾತು ಕೇಳುತ್ತ ಕೈಯಲ್ಲಿದ್ದ ಚಹಾ ಕುಡಿಯುವುದನ್ನೇ ಮರೆತರು. ನನ್ನ ಪಾಠ ಶುರುವಾದಾಗ ಬೇರೆ ಚಹಾ ತರಿಸಿಕೊಂಡು ನೆಮ್ಮದಿಯಾಗಿ ಕುಡಿದರು. ಇದನ್ನು ನಾನು ಇವತ್ತಿಗೂ ಮರೆತಿಲ್ಲ.

ನೌಕರಿಯೂ ಇಬ್ಬರಿಗೂ ಹುಬ್ಬಳ್ಳಿಯಲ್ಲೇ ಸಿಕ್ಕಿತು. ಹುಬ್ಬಳ್ಳಿ, ಧಾರವಾಡ ಎರಡೂ ಕೂಡಿ ಒಂದೇ ಕಾರ್ಪೊರೇಶನ್ ಆಗುತ್ತದಂತೆ ಎಂದು ಚಹಾದಂಗಡಿಗಳಲ್ಲೆಲ್ಲ ಮಾತು ನಡೆದಿದ್ದ ಕಾಲವದು. ನಮ್ಮಿಬ್ಬರದೂ ಹೆಣ್ಣುಮಕ್ಕಳ ಶಾಲೆ, ನಾಲ್ಕನೆಯ ಇಯತ್ತೆಯವರೆಗೆ. ಎರಡೂ ಮಣ್ಣಿನ ಗೋಡೆಯ, ಜಂತಿಯ ಮೇಲೆ ಮಣ್ಣು ಹಾಕಿದ ಮಾಳಿಗೆಯ ಹಳೆಯ ಕಟ್ಟಡಗಳು. ಅವಳದು ದೇಶಪಾಂಡೆ ನಗರದ ಕಡೆಗೆ, ನನ್ನದು ಗೋಪನಕೊಪ್ಪಕ್ಕೆ ಹೋಗುವ ಹಾದಿಯಲ್ಲಿ. ನಡುವೆ ಲಾರಿ ಓಡಾಡುವ ದೊಡ್ಡ ರಸ್ತೆ.

ನನ್ನ ಶಾಲೆಯ ನಾಲ್ಕನೆಯ ಇಯತ್ತೆಯ ಕೋಣೆಯ ಹಿಂದಿನ ಗೋಡೆಯಲ್ಲಿ ಒಂದು ಸೀಳಿತ್ತು. ಎರೆಭೂಮಿಯ ಮೇಲೆ ಕಟ್ಟಿದ ಗೋಡೆ. ಬೇಸಿಗೆಯಲ್ಲಿ ನೆಲ ಬಿರಿದಾಗ ಸೀಳು ಮುಷ್ಟಿ ಹಿಡಿಸುವಷ್ಟು ಅಗಲವಾಗುತ್ತಿತ್ತು. ಮಳೆಗಾಲದಲ್ಲಿ ನೆಲ ಉಬ್ಬಿದಾಗ ತಾನಾಗಿಯೇ ಕೂಡಿಕೊಂಡು ಗೆರೆಯಷ್ಟೇ ಉಳಿಯುತ್ತಿತ್ತು. ಹುಡುಗಿಯರ ಆಸ್ತಿಯೆಲ್ಲ ಅದರಲ್ಲೇ: ಹುಣಸೆಬೀಜ, ಬಳೆಚೂರು, ಬಳಪ. ಮೇಲೆ ಜಂತಿಗಳಿಗೆ ಗೆದ್ದಲು ಹಿಡಿದಿತ್ತು. ಪಾಟಿಯ ಮೇಲೆ ಬರೆದ ಲೆಕ್ಕದ ಮೇಲೆ ಮಣ್ಣಿನ ಪುಡಿ ಉದುರುತ್ತಿತ್ತು, ಹುಡುಗಿಯರು ಉಫ್ ಎಂದು ಊದಿ ಮುಂದೆ ಬರೆಯುತ್ತಿದ್ದರು.

ಆ ಕೋಣೆ ಹೋದರೆ ನಾಲ್ಕನೆಯ ಇಯತ್ತೆಯೇ ಹೋದಂತೆ ಎಂದು ನನಗೆ ಗೊತ್ತಿತ್ತು. ಸುತ್ತಲಿನವರು ಹೆಣ್ಣುಮಕ್ಕಳನ್ನು ಕಳಿಸುತ್ತಿದ್ದದ್ದು ಓದಿನ ಮೇಲಿನ ಆಸೆಯಿಂದಲ್ಲ, ಶಾಲೆ ಮನೆಯ ಬಾಗಿಲಲ್ಲೇ ಇದೆ ಎಂದು. ಎದುರಿಗೇ ಲಾರಿ ರಿಪೇರಿ ಮಾಡುವ ಮೇಸ್ತ್ರಿಯೊಬ್ಬರ ಮನೆ ಇತ್ತು. ಅವರ ಮಗಳು ಆಗಿನ್ನೂ ಮೂರನೆಯ ಇಯತ್ತೆ, ಆದರೂ ನನ್ನ ಶಾಲೆಯಲ್ಲೇ ಎಲ್ಲರಿಗಿಂತ ಚಂದ ಬರೆಯುತ್ತಿದ್ದಳು. ನಿಜ ಹೇಳಬೇಕೆಂದರೆ ನನಗಿಂತಲೂ ಚಂದ. ಅವಳ ಮೇಲೂ ಒಂದು ಸಲ ಹೊಟ್ಟೆಕಿಚ್ಚು ಪಟ್ಟಿದ್ದೆ.

ಶಿವರಾತ್ರಿ ಕಳೆದು ಬಿಸಿಲು ಏರುವ ಹೊತ್ತಿಗೆ ಒಂದು ಕಾಗದ ಬಂತು. ಶಾಲಾ ತಪಾಸಣೆಯ ಸಾಹೇಬರು ಓವರ್ಸೀಯರ್ ಜೊತೆ ಬಂದು ಎರಡೂ ಶಾಲೆ ನೋಡುತ್ತಾರೆ, ಈ ವರ್ಷ ಎರಡರಲ್ಲಿ ಒಂದನ್ನು ಮಾತ್ರ ದುರಸ್ತಿ ಮಾಡಿಸುತ್ತಾರೆ ಎಂದಿತ್ತು. ಕಾಗದ ಅವಳಿಗೂ ಬಂದಿತ್ತು. ಓದಿದ ತಕ್ಷಣ ನನಗೆ ಹೊಳೆದದ್ದು ಕನ್ಯೆ ನೋಡುವ ಶಾಸ್ತ್ರ. ಇಬ್ಬರು ಹುಡುಗಿಯರಲ್ಲಿ ಒಬ್ಬಳನ್ನು ಒಪ್ಪಬೇಕಾದರೆ ಚಂದ ಇದ್ದವಳನ್ನು ಒಪ್ಪುತ್ತಾರೆ, ಅಲ್ಲವೇ? ಮಾತಿನಲ್ಲಿ ನಾನು ಅವಳನ್ನು ಗೆಲ್ಲಲಾರೆ. ಆದರೆ ನೆಲ ಸಾರಿಸುವುದರಲ್ಲಿ, ಗೋಡೆಗೆ ಸುಣ್ಣ ಬಳಿಯುವುದರಲ್ಲಿ ಸುಳ್ಳದ ಹೆಣ್ಣುಮಗಳನ್ನು ಧಾರವಾಡದವಳು ಹೇಗೆ ಗೆದ್ದಾಳು?

ಸಾಹೇಬರು ಬರುವುದಕ್ಕೆ ಮೂರು ದಿನ ಮೊದಲು, ಮನೆಗೆ ಹೋಗುವ ದಾರಿಯಲ್ಲಿ ಅವಳು ಕೇಳಿದಳು:

“ಸುಣ್ಣಾ ಹಚ್ಚಾಕತ್ತೀಯಂತಲ್ಲ?”

“ಹಚ್ಚಬಾರದೇನು?”

“ಬ್ಯಾಡ. ಹೆಂಗದನೋ ಹಂಗ ತೋರಸು. ಹರದದ್ದು ಕಂಡ್ರನ ಹೊಲಿತಾರ.”

ನಾನು ಅವಳ ಮುಖ ನೋಡಿದೆ. ಹಾಗೆ ಹೇಳುವಾಗಲೂ ಎಷ್ಟು ಚಂದ ಹೇಳಿದಳು! ಅಷ್ಟು ಚಂದ ಹೇಳಿದ್ದರಿಂದಲೇ ನನಗೆ ಸಂಶಯ ಬಂತು. ನನ್ನ ಶಾಲೆ ಹೊಲಸಾಗಿ ಕಾಣಲಿ, ತಾನು ಗೆಲ್ಲಲಿ ಎಂದೇ ಹೇಳುತ್ತಿದ್ದಾಳೆ. “ನಿನ್ನ ಸಾಲಿ ನೀ ನೋಡ್ಕೋ” ಎಂದು ಲಗುಬಗೆಯಿಂದ ಮುಂದೆ ನಡೆದೆ.

ಮರುದಿನ ಶನಿವಾರ. ಶನಿವಾರಕ್ಕೊಮ್ಮೆ ಹುಡುಗಿಯರು ಮನೆಯಿಂದ ಸೆಗಣಿ ತಂದು ಶಾಲೆಯ ನೆಲ ಸಾರಿಸುವುದು ರೂಢಿ. ಆ ಶನಿವಾರ ನಾನೇ ಸೀರೆ ಎತ್ತಿ ಕಟ್ಟಿ ಕೆಲಸಕ್ಕೆ ನಿಂತೆ. ಮಣ್ಣಿಗೆ ಹೊಟ್ಟು ಸೇರಿಸಿ ತುಳಿದು ಹದ ಮಾಡಿ, ಸೀಳಿನೊಳಗೆ ಮೊಣಕೈವರೆಗೆ ಕೈ ಹಾಕಿ ಗಟ್ಟಿಯಾಗಿ ತುಂಬಿದೆ. ಮೇಸ್ತ್ರಿಯ ಮಗಳು ಹಿಂದೆ ನಿಂತಿದ್ದಳು.

“ಅಕ್ಕೋರ, ಅದರಾಗ ನನ್ನ ಬಳಪ ಅದಾವ್ರಿ. ನಮ್ಮ ಅಬ್ಬಾ ಕೊಡಿಸಿದ್ದು, ಐದ ಅದಾವ್ರಿ.”

“ಆಮ್ಯಾಲ ತಗೊಳ್ಳುವಂತಿ, ಆಕಡೆ ಸರಿ” ಎಂದೆ. ಆಮೇಲೆ ಹೇಗೆ ತೆಗೆದುಕೊಳ್ಳುತ್ತಾಳೆ ಎಂದು ಯೋಚಿಸಲೂ ಇಲ್ಲ.

ಸೀಳಿನ ಮೇಲೆ ಸುಣ್ಣ ಎರಡು ಸಲ ಬಳಿದೆ, ಚೂರು ನೀಲಿ ಸೇರಿಸಿ. ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ ಎಳೆದೆ. ಜಂತಿಗಳಿಗೆ ಮಾವಿನ ತೋರಣ ಕಟ್ಟಿಸಿದ್ದರಿಂದ ಗೆದ್ದಲಿನ ಗೆರೆಯೂ ಮರೆಯಾಯಿತು. ಸಂಜೆ ಬಾಗಿಲಲ್ಲಿ ನಿಂತು ನೋಡಿದಾಗ ಖುಷಿಗೆ ಕಣ್ಣು ತುಂಬಿದವು. ಅವಳು ಇದನ್ನು ನೋಡಬೇಕು ಎನ್ನಿಸಿತು, ಸಾಹೇಬರಿಗಿಂತ ಮೊದಲು ಅವಳು.

ಸೋಮವಾರ ಸಾಹೇಬರು ಬಂದರು. ಬೂಟು ಕಳಚಿಯೇ ಒಳಗೆ ಬಂದರು! ಅಂಥ ನೆಲದ ಮೇಲೆ ಬೂಟು ಹಾಕಿಕೊಂಡು ಬರಲು ಅವರಿಗೂ ಮನಸ್ಸಾಗಲಿಲ್ಲ. ಗೋಡೆ ನೋಡಿದರು, ರಂಗೋಲಿ ನೋಡಿದರು, ಮೇಸ್ತ್ರಿಯ ಮಗಳ ಬರಹ ನೋಡಿದರು.

“ಅಕ್ಕೋರ, ಸಾಲಿ ಅಂದ್ರ ಹಿಂಗಿರಬೇಕ ನೋಡ್ರಿ. ಏನರ ಅಡಚಣಿ ಅದ ಏನ್ರಿ?”

ಅಷ್ಟು ನೇರವಾಗಿ ಕೇಳಿದರು. ನನ್ನ ಹಿಂದೆ ಒಂದು ಗೇಣು ದೂರದಲ್ಲಿ ಸೀಳು ಇತ್ತು. “ಏನಿಲ್ರಿ ಸಾಹೇಬ್ರ, ಎಲ್ಲಾ ಛಲೋ ಅದರಿ” ಎಂದೆ. ‘ಅದರಿ’ ಎಂದೆ, ‘ಐತ್ರಿ’ ಎನ್ನಲಿಲ್ಲ. ಅವಳಂತೆಯೇ ಹೇಳಿದೆ ಎಂದು ಹಿಗ್ಗಿದೆ ಕೂಡ. ಅವರು ಷರಾ ಪುಸ್ತಕದಲ್ಲಿ ‘ಕಟ್ಟಡ ಉತ್ತಮ ಸ್ಥಿತಿಯಲ್ಲಿದೆ’ ಎಂದು ಬರೆದು ಸಹಿ ಮಾಡಿದರು. ಆ ಸಾಲನ್ನು ನಾನು ಅವತ್ತು ನಾಲ್ಕು ಸಲ ಓದಿದೆ.

ಅವಳ ಶಾಲೆಯಲ್ಲಿ ನಡೆದದ್ದು ಆಮೇಲೆ ತಿಳಿಯಿತು. ಅವಳು ಕಸ ಗುಡಿಸಿದ್ದಳು ಅಷ್ಟೆ. ಮಾಳಿಗೆ ಸೋರುವ ಕಡೆಯಲ್ಲೆಲ್ಲ ಹೋದ ಮಳೆಗಾಲದಲ್ಲಿ ಇಟ್ಟಿದ್ದ ಡಬ್ಬಿಗಳನ್ನು ಬಿಸಿಲುಗಾಲದಲ್ಲೂ ಹಾಗೆಯೇ ಇಟ್ಟು, ಒಂದೊಂದನ್ನೇ ಸಾಹೇಬರಿಗೆ ತೋರಿಸಿದ್ದಳು.

ದುರಸ್ತಿ ಅವಳಿಗೆ ಮಂಜೂರಾಯಿತು.

ಬೇಸಿಗೆ ರಜೆಯಲ್ಲಿ ಸುಳ್ಳಕ್ಕೆ ಹೋಗದೆ ಏನಾದರೂ ನೆಪ ಮಾಡಿಕೊಂಡು ಆ ಬೀದಿಯಲ್ಲೇ ತಿರುಗುತ್ತಿದ್ದೆ. ಹಳೆಯ ಮಾಳಿಗೆ ಇಳಿಸಿದ್ದು ನೋಡಿದೆ. ಮಂಗಳೂರು ಹೆಂಚಿನ ಲಾರಿ ಬಂದದ್ದು ನೋಡಿದೆ. ನೆಲಕ್ಕೆ ಶಹಾಬಾದಿ ಫರಸಿ ಹಾಸುವಾಗ ಎದುರಿನ ಬೇವಿನ ಮರದ ಕೆಳಗೆ ನಿಂತು ಒಂದೊಂದು ಕಲ್ಲು ಕೂರುವುದನ್ನೂ ನೋಡಿದೆ. ಒಂದಾದರೂ ಒಡೆಯಲಿ ಎಂದು ಮನಸ್ಸಿನಲ್ಲಿ ಬೇಡಿಕೊಂಡೆ. ದೇವರು ಕೇಳಲಿಲ್ಲ. ಅವಳು ಒಳಗಿಂದ ನನ್ನನ್ನು ಕಂಡು, “ಬಾ, ನೋಡ ಬಾ, ಕಾಲಿಗೆ ಹೆಂಗ ತಂಪ ಹತ್ತತದ!” ಎಂದು ಕರೆದಳು. ತಲೆನೋವು ಎಂದು ಹೊರಟು ಬಂದೆ.

ಮಳೆಗಾಲ ಶುರುವಾಗಿ ಹದಿನೈದು ದಿನಕ್ಕೆ, ಒಂದು ಭಾನುವಾರ ನನ್ನ ಗೋಡೆ ಬಿತ್ತು. ಜಂತಿಗಳೂ ಜೊತೆಗೆ ಕುಸಿದವು. ಭಾನುವಾರವಾಗಿದ್ದರಿಂದ ಯಾರಿಗೂ ಏನೂ ಆಗಲಿಲ್ಲ. ನೋಡಲು ಬಂದ, ಗೋಡೆ ಕಟ್ಟುವ ಮುದುಕ ಗೌಂಡಿ ಬಿದ್ದ ಮಣ್ಣಿನ ಹೆಂಟೆಯೊಂದನ್ನು ಕೈಯಲ್ಲಿ ಒಡೆದು ನೋಡಿ ಕೇಳಿದ:

“ಈ ಸೀಳ ಯಾರ ತುಂಬಿದ್ರಿ ಅಕ್ಕೋರ?”

ನಾನು ಎರಡೂ ಕೈ ಸೆರಗಿನಲ್ಲಿ ಸುತ್ತಿಕೊಂಡೆ.

“ಎರಿ ನೆಲದಾಗ ಗ್ವಾಡಿಗೆ ಕೂಡಾಕ ಜಾಗಾ ಬೇಕ್ರಿ. ನೀವು ಅದರ ಬಾಯಿ ಕಟ್ಟೀರಿ. ನೆಲ ಉಬ್ಬಿತು, ಗ್ವಾಡಿ ಎಲ್ಲಿಗೆ ಹೋಗಬೇಕು? ಹೊರಗ ಬಿತ್ತು. ಮ್ಯಾಲ ಥಳಕು, ಒಳಗ ಹುಳುಕು.”

ಹಳೆಯ ಗೋಡೆ ಸೀಳಿನಿಂದ ಬಿದ್ದಿರಲಿಲ್ಲ. ನಾನು ಸೀಳು ಮುಚ್ಚಿದ್ದರಿಂದ ಬಿದ್ದಿತ್ತು. ಗೌಂಡಿ ಹೋದ ಮೇಲೆ ಕೆಸರಿನಲ್ಲಿ ಕೈಯಾಡಿಸಿ ಹುಡುಕಿದೆ. ನಾಲ್ಕು ಬಳಪ ಸಿಕ್ಕವು. ಐದನೆಯದು ಎಷ್ಟು ಕೆದಕಿದರೂ ಸಿಗಲಿಲ್ಲ. ತೊಳೆದು ಕರವಸ್ತ್ರದಲ್ಲಿ ಕಟ್ಟಿಟ್ಟುಕೊಂಡೆ.

ನಾಲ್ಕನೆಯ ಇಯತ್ತೆ ಅವಳ ಶಾಲೆಯಲ್ಲಿ ನಡೆಯಲಿ, ನಾನೂ ಅಲ್ಲಿಗೇ ಹೋಗಿ ಪಾಠ ಮಾಡಲಿ ಎಂದು ಅಪ್ಪಣೆಯಾಯಿತು. ಹತ್ತೊಂಬತ್ತು ಹುಡುಗಿಯರಲ್ಲಿ ಹನ್ನೊಂದು ಜನ ಮಾತ್ರ ಬಂದರು. ಮೇಸ್ತ್ರಿಯ ಮನೆಗೆ ನಾನೇ ಹೋಗಿ ಕೇಳಿದೆ. ಹುಡುಗಿಯ ತಾಯಿ ಬಾಗಿಲಲ್ಲಿ ಕೂಸು ಎತ್ತಿಕೊಂಡು ನಿಂತಿದ್ದರು.

“ಇಲ್ಲೆ ನಿಂತ್ರ ಸಾಲಿ ಕಾಣಸ್ತಿತ್ತು ಅಕ್ಕೋರ, ಅದಕ್ಕ ಕಳಸ್ತಿದ್ದೆ. ಈಗ ಆ ದೊಡ್ಡ ರಸ್ತೆ ದಾಟಸಾಕ ಯಾರ ಹೋಗಬೇಕ್ರಿ? ನಾ ಈ ಕೂಸಿನ್ನ ಬಿಟ್ಟ ಹೋಗ್ಲೇನು?”

“ನಾನು ಕರಕೊಂಡು ಹೋಗ್ತೇನ್ರಿ” ಎಂದೆ.

“ನೀವು ಎಷ್ಟ ದಿನಾ ಕರಕೊಂಡು ಹೋದೀರಿ?” ಎಂದು ಕೇಳಿದರು, ಬೈಯುವ ದನಿಯಲ್ಲಿ ಅಲ್ಲ. ಹುಡುಗಿ ಹಿಂದೆ ನಿಂತು ಕೇಳುತ್ತಿದ್ದಳು. ಬಳಪ ಕೊಡಲು ನನಗೆ ಅವತ್ತು ಮುಖವಿರಲಿಲ್ಲ.

ಬಂದ ಹನ್ನೊಂದು ಜನ ಮೊದಲ ಶನಿವಾರ ರೂಢಿಯಂತೆ ಬುಟ್ಟಿಯಲ್ಲಿ ಸೆಗಣಿ ತಂದರು. ಫರಸಿಯ ಮೇಲೆ ಸೆಗಣಿಯೇ? ಅಲ್ಲಿನ ಹುಡುಗಿಯರು ಬಿದ್ದು ಬಿದ್ದು ನಕ್ಕರು. ನನ್ನ ಹುಡುಗಿಯರ ಮುಖ ಸಣ್ಣದಾಯಿತು. ಗೆಳತಿ ಬಂದು, “ಒಳಗ ಬ್ಯಾಡ್ರವಾ, ಅಂಗಳಾ ಸಾರಸ್ರಿ. ನಿಮ್ಮ ಅಕ್ಕೋರು ಕಲಿಸಿದ್ದನ್ನ ನಮ್ಮ ಹುಡುಗ್ಯಾರಿಗೂ ಕಲಸ್ರಿ” ಎಂದಳು. ಅಂಗಳ ಕನ್ನಡಿಯಂತಾಯಿತು. ಆ ಮಾತು ನನಗೆ ಹೊಳೆಯಬೇಕಿತ್ತು, ಅವಳಿಗೆ ಹೊಳೆಯಿತು. ಫರಸಿ ಅವಳದು, ಮಾತು ಅವಳದು, ಈಗ ದೊಡ್ಡ ಮನಸ್ಸೂ ಅವಳದೇ. ನನಗೆ ಉಳಿದದ್ದೇನು ಎಂದು ಉರಿದುಕೊಂಡೆ.

ಸಾಹೇಬರಿಂದ ಕಾಗದ ಬಂತು: ಉತ್ತಮ ಸ್ಥಿತಿಯಲ್ಲಿದ್ದ ಕಟ್ಟಡ ನಾಲ್ಕು ತಿಂಗಳಲ್ಲಿ ಬಿದ್ದದ್ದು ಹೇಗೆ ಎಂದು ವಿವರಿಸಿ ಖುಲಾಸೆ ಕೊಡಿ. ಉತ್ತಮ ಎಂದು ಷರಾ ಇದ್ದ ಕಟ್ಟಡಕ್ಕೆ ಹಣ ಸಿಗುವಂತಿರಲಿಲ್ಲ. ಸೀಳು ಹಳೆಯದು, ಅದನ್ನು ಮುಚ್ಚಿ ಸುಣ್ಣ ಬಳಿದವಳು ನಾನೇ ಎಂದು ಬರೆದರೆ ಮಾತ್ರ ಹೊಸ ಕೋಣೆ ಸಿಗಬಹುದಿತ್ತು. ಬರೆದೆ. ಯಾಕೆ ಮುಚ್ಚಿದೆ ಎಂಬುದನ್ನು ಮಾತ್ರ ಬರೆಯಲಿಲ್ಲ. ಅದನ್ನು ಅವಳಿಗೆ ಹೇಳಿದೆ. ಅವಳ ಹೊಸ ಫರಸಿಯ ಮೇಲೆ ಕುಳಿತು, ಅವಳ ಮುಖ ನೋಡದೆ ಹೇಳಿದೆ.

“ನೀ ಬ್ಯಾಡ ಅಂದಿದ್ದಿ. ನೀ ಗೆಲ್ಲಾಕ ಹೇಳಾಕತ್ತಿ ಅಂದ್ಕೊಂಡೆ.”

ಅವಳು ಉಗುರಿನಿಂದ ಫರಸಿಯ ಸಂದು ಕೆರೆಯುತ್ತ ಹೇಳಿದಳು:

“ಖರೇ ಹೇಳಲೇನು? ಬರೋಬ್ಬರಿನ ಅಂದ್ಕೊಂಡಿದ್ದಿ. ನಿನ್ನಂಗ ಸಾರಸಾಕ ನನಗ ಬರಂಗಿಲ್ಲ. ನಿನ್ನ ಸಾಲಿ ನೋಡಿದ ಮ್ಯಾಲ ನನ್ನ ಸಾಲಿ ತಿಪ್ಪಿ ಕಂಡಂಗ ಕಾಣ್ತದ ಅಂತ ಹೊಟ್ಟಿ ಉರದಿತ್ತು. ಅದಕ್ಕ ಬ್ಯಾಡ ಅಂದೆ. ಹರದದ್ದು, ಹೊಲಿಯೋದು, ಅದೆಲ್ಲಾ ಆಮ್ಯಾಲ ಬಾಯಿಗೆ ಬಂದದ್ದು.”

ನನಗೆ ಸಿಟ್ಟು ಬರಬೇಕಿತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ, ಖುಷಿಯಾಯಿತು. ಅವಳೂ ನನ್ನ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದಳು! ಇಬ್ಬರೂ ಸೇರಿ ನಕ್ಕೆವು. ನಗುತ್ತಿರುವಾಗಲೇ ಬಾರದ ಎಂಟು ಹುಡುಗಿಯರು ನೆನಪಾಗಿ ನಗು ಅಲ್ಲಿಗೇ ನಿಂತಿತು. ಇಬ್ಬರ ಹೊಟ್ಟೆಕಿಚ್ಚಿಗೂ ದಂಡ ತೆತ್ತವರು ಅವರು.

ಹೊಸ ಕೋಣೆ ಮುಗಿಯಲು ಪೂರಾ ಎರಡು ವರ್ಷ ಹಿಡಿಯಿತು. ಕಲ್ಲಿನ ಬುನಾದಿ, ಕೆಂಪು ಹೆಂಚು, ನೆಲಕ್ಕೆ ಫರಸಿ. ಬಾಗಿಲು ತೆರೆದ ದಿನ ಮೊದಲು ಮೇಸ್ತ್ರಿಯ ಮನೆಗೇ ಹೋದೆ. ಹುಡುಗಿ ಹೊಸ್ತಿಲ ಮೇಲೆ ಕುಳಿತು ಕೌದಿ ಹೊಲಿಯುತ್ತಿದ್ದಳು. ಉದ್ದವಾಗಿದ್ದಳು, ತಲೆಯ ಮೇಲೆ ಸೆರಗಿತ್ತು. ಎರಡು ತಿಂಗಳ ಹಿಂದೆ ಅವಳ ಮದುವೆಯ ಮಾತುಕತೆ ಮುಗಿದಿತ್ತು ಎಂದು ತಾಯಿ ಒಳಗಿನಿಂದ ಹೇಳಿದರು. ನಾನು ಕರವಸ್ತ್ರ ಬಿಚ್ಚಿದೆ.

“ನಾಲ್ಕ ಅದಾವಲ್ರಿ ಅಕ್ಕೋರ. ಐದ ಇದ್ದುವು.”

“ಒಂದು ಸಿಗಲಿಲ್ಲವ್ವಾ.”

ಅವಳು ಬಳಪಗಳನ್ನು ಒಮ್ಮೆ ಅಂಗೈಯಲ್ಲಿ ಉರುಳಿಸಿ ನೋಡಿದಳು. ಆಮೇಲೆ ಅವತ್ತು ಕೂಸಾಗಿದ್ದ ತಂಗಿಯನ್ನಲ್ಲ, ಅವಳಿಗಿಂತ ದೊಡ್ಡ, ಮೂರನೆಯ ಇಯತ್ತೆ ಮುಗಿಸಿದ್ದ ಇನ್ನೊಬ್ಬ ತಂಗಿಯನ್ನು ಕರೆದು ಅವಳ ಕೈಯಲ್ಲಿಟ್ಟಳು. “ಇಕಿನ್ನ ಕರಕೊಂಡು ಹೋಗ್ರಿ. ಈಗ ಇಲ್ಲಿಂದನ ಕಾಣಸ್ತದಲ್ರಿ ಸಾಲಿ” ಎಂದಳು.

ಸಣ್ಣವಳ ಕೈ ಹಿಡಿದು ಬೀದಿ ದಾಟಿದೆ. ಶಾಲೆಯ ಮೆಟ್ಟಿಲ ಮೇಲೆ ಹಿಂತಿರುಗಿ ನೋಡಿದಾಗ ಅಕ್ಕ ಸೂಜಿ ಕೈಯಲ್ಲೇ ಹಿಡಿದು ಹೊಸ್ತಿಲ ಮೇಲೆ ಎದ್ದು ನಿಂತಿದ್ದಳು. ನೋಡುತ್ತಿದ್ದದ್ದು ನನ್ನನ್ನಲ್ಲ, ಹೊಸ ಹೆಂಚನ್ನೂ ಅಲ್ಲ, ತಂಗಿಯ ಕೈಯಲ್ಲಿದ್ದ ಬಳಪವನ್ನು. ಆ ನೋಟದ ಗುರುತು ನನಗೆ ಚೆನ್ನಾಗಿಯೇ ಇತ್ತು. ಬೇವಿನ ಮರದ ಕೆಳಗೆ ನಿಂತು ಒಂದು ಬೇಸಿಗೆ ಪೂರ್ತಿ ನಾನು ನೋಡಿದ್ದೂ ಹಾಗೆಯೇ. ನಾನು ತಲೆ ತಗ್ಗಿಸಿ ಸಣ್ಣವಳನ್ನು ಒಳಗೆ ಕರೆದುಕೊಂಡು ಹೋದೆ.